ಹದಿಮೂರು ದೀಪಗಳ ಕಾರು

ಸಂಘದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ತುಸು ಹಿಂಜರಿದೆ. ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವುಗಳನ್ನು ಕುರಿತು ವೈದ್ಯ ಮಹನೀಯರು ಪ್ರತಿವರ್ಷ ಬರೆಯುವ ಲೇಖನಗಳನ್ನು ಶ್ರದ್ಧೆಯಿಂದ ಓದುವವನು ನಾನು. ವಾಣಿಜ್ಯ ಪದವೀಧರನಾದ ಬ್ಯಾಂಕ್ ಅಧಿಕಾರಿಯ ಬಳಿ ಅಂಥ ಉಪಯುಕ್ತ ವಿಷಯವೇನಿದ್ದೀತು? ಸಾಲ, ಬಡ್ಡಿ, ಜಾಮೀನುಗಳ ಬಗ್ಗೆ ಬರೆದರೆ ಓದುಗರ ರಕ್ತದೊತ್ತಡ ಏರುವುದೇ ಹೊರತು ಇಳಿಯಲಾರದು. ಆದುದರಿಂದ ಒಂದು ಕಾರಿನ ಬಗ್ಗೆ ಬರೆಯುತ್ತೇನೆಂದೆ. "ಹೊಸ ಕಾರು ಕೊಂಡಿರಾ?" ಎಂದು ಅವರು ಉತ್ಸಾಹದಿಂದ ವಿಚಾರಿಸಿದರು. ನಾನು ಕೊಂಡ ಕಾರಲ್ಲ, ಕೊಳ್ಳಬಹುದಾದ ಕಾರೂ ಅಲ್ಲ. ಅಂಥದು ಜಗತ್ತಿನಲ್ಲಿ ಒಂದೇ ಒಂದಿದೆ.

ಮುಂಬಯಿಗೆ ಬರುವ ಮೊದಲು ನಾನು ಮೂರು ವರ್ಷ ಗುಜರಾತಿನ ರಾಜಕೋಟ್‌ನಲ್ಲಿದ್ದೆ. ನಮ್ಮ ಉದ್ಯೋಗದಲ್ಲಿ ವರ್ಗಾವಣೆ ಎಂಬುದು ಋತುಮಾನದಂತೆ. ಸೂಟ್‌ಕೇಸಿನ ಬಾಯಿ ಪೂರ್ತಿ ಮುಚ್ಚುವ ಮೊದಲೇ ಮುಂದಿನ ಆಜ್ಞೆ ಬಂದಿರುತ್ತದೆ. ನನ್ನ ಶಾಖೆಗೆ ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸಲು ಬರುತ್ತಿದ್ದ ಪಿಂಚಣಿದಾರರಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅಲ್ಲಿನ ರೂಢಿಯಂತೆ ನಾವೆಲ್ಲರೂ ಅವರನ್ನು 'ಕಾಕಾ' ಎನ್ನುತ್ತಿದ್ದೆವು. ತಾನು ಬದುಕಿರುವುದಕ್ಕೆ ಸಹಿ ಹಾಕಿದ ಮೇಲೆ ಅರ್ಧ ಗಂಟೆಯಾದರೂ ನನ್ನ ಮೇಜಿನ ಎದುರು ಕುಳಿತು ಹಳೆಯ ರಾಜಕೋಟ್‌ನ ಸಂಗತಿಗಳನ್ನು ಹೇಳಿ ಹೋಗುವುದು ಅವರ ಪದ್ಧತಿ. ಈ ಕಾರಿನ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ: 'ಸ್ಟಾರ್ ಆಫ್ ಇಂಡಿಯಾ'.

ಕಾರುಗಳಿಗೆ ನಂಬರು ಇರುತ್ತದೆ, ಹೆಸರಿರುವುದು ಅಪರೂಪ. ಇದೇ ಹೆಸರಿನ 563 ಕ್ಯಾರಟ್ ತೂಕದ ನೀಲಮಣಿಯೊಂದು ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದೆ. 1861ರಲ್ಲಿ ಬ್ರಿಟಿಷರು ದೇಶೀ ಅರಸರ ಎದೆಯ ಮೇಲೆ ತೂಗುಹಾಕಲು ಸ್ಥಾಪಿಸಿದ ಬಿರುದಿನ ಹೆಸರೂ ಇದೇ. ನಾನು ಹೇಳುತ್ತಿರುವುದು 1934ರ ರೋಲ್ಸ್ ರಾಯ್ಸ್ ಫ್ಯಾಂಟಮ್ 2 ಕಾಂಟಿನೆಂಟಲ್ ಕಾರಿನ ವಿಚಾರ. ರಾಜಕೋಟ್ ಸಂಸ್ಥಾನದ ಅಂದಿನ ಅರಸರಾದ ಠಾಕೂರ್ ಸಾಹೇಬ್ ಧರ್ಮೇಂದ್ರಸಿಂಹಜಿಯವರಿಗಾಗಿ ಲಂಡನ್ನಿನ ಥ್ರಪ್ ಅಂಡ್ ಮೇಬರ್ಲಿ ಎಂಬ ಸಂಸ್ಥೆಯವರು ಅದರ ಒಡಲನ್ನು ಕಟ್ಟಿದರು.

'ರೋಲ್ಸ್ ರಾಯ್ಸ್ ಕಾರಿನ ಒಡಲನ್ನು ಬೇರೆಯವರೇಕೆ ಕಟ್ಟಿದರು?' ಎಂಬ ಪ್ರಶ್ನೆ ಓದುಗರಿಗೆ ಸಹಜ. ಇದಕ್ಕೆ ಉತ್ತರ ತಿಳಿಯಲು ಇಂಗ್ಲೆಂಡಿಗೆ ಹೋಗಬೇಕಾದುದಿಲ್ಲ, ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಒಂದು ಗಂಟೆ ನಿಂತರೆ ಸಾಕು. ಮೈಮೇಲೆ ತಗಡಿಲ್ಲದ, ತಲೆಯ ಮೇಲೆ ಸೂರಿಲ್ಲದ ಲಾರಿಯ ಅಸ್ಥಿಪಂಜರಗಳು ಸಾಲಾಗಿ ಓಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಚಾಲಕ ತಲೆಗೆ ವಸ್ತ್ರ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಹಲಗೆಯ ಮೇಲೆ ಕುಳಿತಿರುತ್ತಾನೆ. ಅದು ಬರಿಯ ಚಾಸಿ. ಕಾರ್ಖಾನೆಯವರು ಕೊಡುವುದು ಅಷ್ಟೇ; ಬಾಡಿ ಕಟ್ಟಿಸುವುದು ಕೊಂಡವನ ಹೊಣೆ. ಲಾರಿಗೆ ಸಾಲ ಕೇಳಿ ಬರುವವರಿಂದ ನಾವು ಇಂದಿಗೂ ಚಾಸಿಯ ಬಿಲ್ಲು ಬೇರೆ, ಬಾಡಿ ಕಟ್ಟುವವರ ಕೊಟೇಶನ್ ಬೇರೆ ತರಿಸಿಕೊಳ್ಳುತ್ತೇವೆ.

ನನ್ನ ಸೋದರಮಾವನದು ದಾವಣಗೆರೆಯಲ್ಲಿ ಅಂಥದೇ ಒಂದು ಶೆಡ್ಡು. ಬೇಸಿಗೆ ರಜೆಗೆ ಹೋದಾಗ ಅಲ್ಲಿನ ಮರದ ಹೊಟ್ಟು ಹಾಗೂ ಬಣ್ಣದ ವಾಸನೆಯ ನಡುವೆ ಇಡೀ ದಿನ ಕಳೆಯುತ್ತಿದ್ದೆ. ಮರದ ಚೌಕಟ್ಟನ್ನು ಮೊದಲು ನಿಲ್ಲಿಸಿ, ಅದಕ್ಕೆ ತಗಡನ್ನು ತೊಡಿಸಬೇಕು. ಬಾಗಿದ ಜಾಗದಲ್ಲಿ ತಗಡನ್ನು ಒಗ್ಗಿಸುವುದೇ ಕಷ್ಟ. "ತಗಡಿಗೆ ಸಿಟ್ಟು ಬರಬಾರದು ಕಣೋ, ನಿಧಾನಕ್ಕೆ ಬಡೀಬೇಕು" ಎನ್ನುತ್ತಿದ್ದ ಮಾವ. ಬಸ್ಸು ಸಿದ್ಧವಾದ ಮೇಲೆ ಹಿಂಬದಿಯಲ್ಲಿ ಕೆಳಗೆ, ಧೂಳು ಮೆತ್ತುವ ಜಾಗದಲ್ಲಿ, ಚಿಕ್ಕ ಅಕ್ಷರದಲ್ಲಿ ಶೆಡ್ಡಿನ ಹೆಸರು ಬರೆಸುತ್ತಿದ್ದ. ಬಸ್ಸಿನ ಮಾಲೀಕರ ಹೆಸರು ಮಾತ್ರ ಎರಡಡಿ ಎತ್ತರದ ಅಕ್ಷರಗಳಲ್ಲಿ ಎರಡೂ ಪಕ್ಕದಲ್ಲಿ ಇರುತ್ತಿತ್ತು.

ಎರಡನೆಯ ಮಹಾಯುದ್ಧಕ್ಕೆ ಮೊದಲು ರೋಲ್ಸ್ ರಾಯ್ಸ್ ಕಂಪನಿಯದೂ ಇದೇ ಕ್ರಮ. ಡಾರ್ಬಿ ನಗರದ ಕಾರ್ಖಾನೆಯಲ್ಲಿ ಎಂಜಿನ್, ಗೇರು, ಸ್ಪ್ರಿಂಗು, ಚಕ್ರ, ರೇಡಿಯೇಟರ್ ಇಷ್ಟನ್ನು ಜೋಡಿಸಿ, ಪರೀಕ್ಷಿಸಿ, ಚಾಸಿಯನ್ನು ಮಾರುತ್ತಿದ್ದರು. ಕೊಂಡವರು ತಮಗೆ ಮೆಚ್ಚುಗೆಯಾದ ಬಾಡಿ ಕಟ್ಟುವವರ ಬಳಿಗೆ ಅದನ್ನು ಕಳುಹಿಸಬೇಕು. ಬಾರ್ಕರ್, ಹೂಪರ್, ಪಾರ್ಕ್ ವಾರ್ಡ್, ಗರ್ನಿ ನಟಿಂಗ್ ಮೊದಲಾದವರು ಇದರಲ್ಲಿ ಹೆಸರಾದವರು. ಇವರಲ್ಲಿ ಹಲವರು ಮೂಲತಃ ಕುದುರೆಯ ಸಾರೋಟು ಕಟ್ಟುತ್ತಿದ್ದವರು. ಕುದುರೆ ಹೋಗಿ ಎಂಜಿನ್ ಬಂದಾಗ ಕಸುಬನ್ನು ಬಿಡದೆ ಗಿರಾಕಿಗಳನ್ನು ಉಳಿಸಿಕೊಂಡರು. ಥ್ರಪ್ ಅಂಡ್ ಮೇಬರ್ಲಿಯವರ ಮೂಲವೂ ಹದಿನೆಂಟನೆಯ ಶತಮಾನದ ಸಾರೋಟು ಕಟ್ಟುವ ವೃತ್ತಿಯಲ್ಲಿದೆ. 1929ರಲ್ಲಿ ಹೆನ್ರಿ ಸೀಗ್ರೇವ್ ಅಮೆರಿಕದ ಡೇಟೋನಾ ಕಡಲ ದಂಡೆಯಲ್ಲಿ ಗಂಟೆಗೆ 231 ಮೈಲಿ ವೇಗದಲ್ಲಿ ಓಡಿಸಿ ವಿಶ್ವದಾಖಲೆ ಸ್ಥಾಪಿಸಿದ 'ಗೋಲ್ಡನ್ ಆರೋ' ಎಂಬ ವಾಹನದ ಅಲ್ಯೂಮಿನಿಯಂ ಕವಚವೂ ಇವರ ಕೈಕೆಲಸವೇ.

ಕೆಲಸದ ರೀತಿ ನಮ್ಮ ಮಾವನ ಶೆಡ್ಡಿನದೇ. ಅಲ್ಲಿ ಹೊನ್ನೆ, ಮತ್ತಿ. ಇಲ್ಲಿ ಆ್ಯಶ್ ಎಂಬ ಮರ. ಹಗುರ, ಒದೆತ ತಾಳುತ್ತದೆ, ಬಾಗಿಸಿದರೆ ಬಾಗುತ್ತದೆ. ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ತಗಡು. ಎರಡು ಉರುಳೆಗಳ ನಡುವೆ ಅದನ್ನು ಹಿಂದೆ ಮುಂದೆ ಹಾಯಿಸಿ ಹಾಯಿಸಿ ಬಾಗು ತರುತ್ತಾರೆ. ಅಚ್ಚಿಲ್ಲ, ದೊಡ್ಡ ಯಂತ್ರವಿಲ್ಲ; ಇರುವುದು ಕೈ ಮತ್ತು ಕಣ್ಣು. ಮೇಲೆ ಹಲವು ಪದರ ಬಣ್ಣ, ಪ್ರತಿ ಪದರ ಒಣಗಿದ ಮೇಲೆ ಉಜ್ಜುವಿಕೆ. ಒಂದು ಕಾರಿಗೆ ತಿಂಗಳುಗಳೇ ಹಿಡಿಯುತ್ತಿದ್ದವು. ಕಟ್ಟಿದ ಸಂಸ್ಥೆಯ ಹೆಸರು ಬಾಗಿಲ ಹೊಸ್ತಿಲಿನಲ್ಲಿ ಚಿಕ್ಕದೊಂದು ಲೋಹದ ಪಟ್ಟಿಯ ಮೇಲೆ ಇರುತ್ತಿತ್ತು, ಕಾಲಿಡುವ ಜಾಗದಲ್ಲಿ. ತಗಡು ಬಡಿದವನ ಹೆಸರು ಎಲ್ಲಿಯೂ ಇಲ್ಲ.

ರಾಜಕೋಟ್‌ನ ಕಾರಿಗೆ ಬಳಸಿದ್ದು ಕಾಂಟಿನೆಂಟಲ್ ಚಾಸಿ. ಫ್ಯಾಂಟಮ್ 2 ಮಾದರಿಯನ್ನು 1929ರಿಂದ 1935ರವರೆಗೆ ತಯಾರಿಸಿದರು. ಅದರಲ್ಲಿ ಕಾಂಟಿನೆಂಟಲ್ ಎಂಬ ವಿಶೇಷ ಬಗೆ ಮುನ್ನೂರರೊಳಗೆ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 12 ಅಡಿ. ಇದು ಅವರ ಲೆಕ್ಕದಲ್ಲಿ ಗಿಡ್ಡ ಚಾಸಿ! ಆರು ಸಿಲಿಂಡರುಗಳ 7.7 ಲೀಟರ್ ಎಂಜಿನ್. ನಮ್ಮ ಊರುಗಳಲ್ಲಿ ಓಡಾಡುವ ಮಾಮೂಲು ಕಾರುಗಳ ಆರು ಎಂಜಿನ್ ಸೇರಿದರೂ ಅಷ್ಟಾಗುವುದು ಕಷ್ಟ. ಯುರೋಪಿನ ಉದ್ದನೆಯ ರಸ್ತೆಗಳಲ್ಲಿ ವೇಗವಾಗಿ ಹೋಗಲೆಂದು ಸ್ಪ್ರಿಂಗುಗಳನ್ನು ಬಿಗಿಗೊಳಿಸಿದ ಈ ಚಾಸಿಯನ್ನು ಕಾಠೇವಾಡದ ಧೂಳು ರಸ್ತೆಗೆ ತಂದದ್ದು ಅರಸರ ಮರ್ಜಿ.

ಒಡಲು 'ಆಲ್ ವೆದರ್' ಎಂಬ ಮಾದರಿಯದು. ನಾಲ್ಕು ಬಾಗಿಲು, ಏರಿಸಿ ಇಳಿಸಬಹುದಾದ ಗಾಜು, ಮೇಲೆ ಮಡಿಸಿ ಹಿಂದಕ್ಕೆ ಇಡಬಹುದಾದ ಚಾವಣಿ. ಚಾವಣಿ ತೆರೆದರೆ ಮೆರವಣಿಗೆಯ ರಥ, ಮುಚ್ಚಿದರೆ ಮಳೆ ಗಾಳಿ ಸೋಕದ ಕೋಣೆ. ಒಡಲಿಗೆ ಕೇಸರಿ ಬಣ್ಣ. ಬಾನೆಟ್ಟಿಗೆ ಮಾತ್ರ ಬಣ್ಣವಿಲ್ಲ, ಕನ್ನಡಿಯಂತೆ ಉಜ್ಜಿದ ಅಲ್ಯೂಮಿನಿಯಂ. ಬೆಳ್ಳಿಯ ಮೂತಿ, ಕೇಸರಿಯ ಮೈ. ಇನ್ನು ದೀಪಗಳು: ಒಟ್ಟು ಹದಿಮೂರು! ಅವುಗಳಲ್ಲಿ ಕೆಲವು ಸ್ಟಿಯರಿಂಗ್ ತಿರುಗಿಸಿದತ್ತ ತಾವೂ ತಿರುಗಿ ತಿರುವಿನ ಆಚೆಗೆ ಬೆಳಕು ಚೆಲ್ಲುತ್ತವೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಈಗ ಬ್ಯಾಂಕಿನವನ ಲೆಕ್ಕ. ಫ್ಯಾಂಟಮ್ 2ರ ಚಾಸಿಯೊಂದಕ್ಕೇ 1,800 ಪೌಂಡುಗಳಿಗೆ ಮಿಕ್ಕಿದ ಬೆಲೆಯಿತ್ತು. ಅಂದು ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್, ಅಂದರೆ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಹಾಗಾಗಿ ಬಾಡಿ ಕಟ್ಟಿಸುವ ಮೊದಲೇ, ಹಡಗಿನ ಬಾಡಿಗೆಗೂ ಮೊದಲೇ, 24,000 ರೂಪಾಯಿ ದಾಟಿತು.

ಆ ಹಣ ಎಂಥ ಊರಿನದು? ರಾಜಕೋಟ್ ದೊಡ್ಡ ಸಂಸ್ಥಾನವಲ್ಲ. ಒಟ್ಟು ಜನಸಂಖ್ಯೆ ಸುಮಾರು 75,000. ಧರ್ಮೇಂದ್ರಸಿಂಹಜಿಯವರ ತಂದೆ ಲಾಖಾಜಿರಾಜರು ಪ್ರಜಾಹಿತದಲ್ಲಿ ಆಸಕ್ತರಾದ ಅರಸರು. 1923ರಲ್ಲಿ ಅವರು ವಯಸ್ಕರೆಲ್ಲರ ಮತದಿಂದ ಚುನಾಯಿತರಾದ 90 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಹೆಸರು ಕೇಳಿದೊಡನೆ ನಮಗೆ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರಿನ ಸಭೆ ನೆನಪಾಗುತ್ತದೆ. ರೋಲ್ಸ್ ರಾಯ್ಸ್‌ಗಳು ನಾಲ್ವಡಿಯವರ ಅರಮನೆಯಲ್ಲಿಯೂ ಇದ್ದವು. ಆದರೆ ಅಲ್ಲಿ ಕನ್ನಂಬಾಡಿ ಕಟ್ಟೆಯೂ ಎದ್ದಿತ್ತು. ಆದ್ದರಿಂದಲೋ ಏನೋ, ನಮ್ಮ ಹಿರಿಯರು ಆ ಕಾರುಗಳ ಲೆಕ್ಕ ಕೇಳಲು ಹೋಗಲಿಲ್ಲ.

ಲಾಖಾಜಿರಾಜರು 1930ರಲ್ಲಿ ತೀರಿಕೊಂಡರು. ಮಗನಿಗೆ ಒಲವಿದ್ದದ್ದು ವಿಲಾಸದಲ್ಲಿ. ಆಡಳಿತ ದಿವಾನ್ ವೀರಾವಾಲಾ ಅವರ ಕೈಸೇರಿತು, ಪ್ರತಿನಿಧಿ ಸಭೆ ಸೊರಗಿತು, ಖಜಾನೆ ಬರಿದಾಯಿತು. ಬರಿದಾದ ಖಜಾನೆಯನ್ನು ತುಂಬಲು ಹಿಡಿದ ದಾರಿಯನ್ನು ಓದಿದಾಗ ಬ್ಯಾಂಕಿನವನಾದ ನನಗೆ ಮೈ ಉರಿಯಿತು. ಬೆಂಕಿಕಡ್ಡಿ, ಸಕ್ಕರೆ, ಅಕ್ಕಿ ಮಾರುವ ಹಕ್ಕನ್ನು ಒಬ್ಬೊಬ್ಬ ವ್ಯಾಪಾರಿಗೆ ಗುತ್ತಿಗೆ ಕೊಟ್ಟರು. ಸಿನೆಮಾದ ಪರವಾನಗಿಯೂ ಹಾಗೆಯೇ ಮಾರಾಟವಾಯಿತು. ಬೆಲೆ ಏರಿತು. ಈ ಕಾರಿನ ಹಣ ಯಾವ ಖಾತೆಯಿಂದ ಸಂದಿತೆಂದು ನಾನು ಲೆಕ್ಕ ತೆಗೆಯಲು ಹೊರಟಿಲ್ಲ. ಅರಮನೆಯ ಖರ್ಚಿಗೂ ರಾಜ್ಯದ ಖಜಾನೆಗೂ ನಡುವಿನ ಗೋಡೆ ಬಹಳ ತೆಳುವಾಗಿದ್ದ ಕಾಲ ಅದು ಎಂದಷ್ಟೇ ಹೇಳಬಲ್ಲೆ.

1936ರಲ್ಲಿ ಸಂಸ್ಥಾನದ ಬಟ್ಟೆಯ ಗಿರಣಿಯ 800 ಕಾರ್ಮಿಕರು 21 ದಿನ ಮುಷ್ಕರ ಹೂಡಿದರು. ಅವರಲ್ಲಿ ಕಾಕಾ ಅವರ ತಂದೆಯೂ ಒಬ್ಬರು. 1938ರಲ್ಲಿ ಚಳವಳಿ ಊರಿಗೆಲ್ಲ ಹಬ್ಬಿತು. ಸರ್ದಾರ್ ಪಟೇಲರು ಮುಂದೆ ನಿಂತರು. ಅದೇ ಡಿಸೆಂಬರ್ 26ರಂದು ಠಾಕೂರ್ ಸಾಹೇಬರು ಒಪ್ಪಂದ ಮಾಡಿಕೊಂಡರು. ಸುಧಾರಣಾ ಸಮಿತಿಯ ಹತ್ತು ಜನರಲ್ಲಿ ಏಳು ಮಂದಿಯನ್ನು ಪಟೇಲರು ಸೂಚಿಸಬೇಕೆಂದಾಯಿತು. ಆಮೇಲೆ ಮಾತು ಮುರಿದರು. ಸತ್ಯಾಗ್ರಹ ಮತ್ತೆ ಆರಂಭವಾದಾಗ ಕಸ್ತೂರಬಾ ಅವರು ಆರೋಗ್ಯ ಸರಿಯಿಲ್ಲದಿದ್ದರೂ ಬಂದು ಬಂಧನಕ್ಕೊಳಗಾದರು. ಗಾಂಧೀಜಿಗೆ ಇದು ಬಾಲ್ಯದ ಊರು. ಅವರ ತಂದೆ ಇದೇ ಸಂಸ್ಥಾನದ ದಿವಾನರಾಗಿದ್ದವರು. 1939ರ ಮಾರ್ಚ್ 3ರಂದು ಗಾಂಧೀಜಿ ಇಲ್ಲಿ ಉಪವಾಸ ಕುಳಿತರು. ವೈಸರಾಯರು ಮಧ್ಯೆ ಬಂದು, ವಿವಾದವನ್ನು ಮುಖ್ಯ ನ್ಯಾಯಾಧೀಶ ಸರ್ ಮಾರಿಸ್ ಗ್ವೈಯರ್ ಅವರಿಗೆ ಒಪ್ಪಿಸಿದ ಮೇಲೆ, 7ರಂದು ಉಪವಾಸ ಮುಗಿಯಿತು. ತೀರ್ಪು ಪಟೇಲರ ಕಡೆಗೇ ಬಂದಿತು. ಆದರೆ ಮೇ ತಿಂಗಳಲ್ಲಿ ಗಾಂಧೀಜಿ ತಮ್ಮ ಉಪವಾಸದಲ್ಲಿ ಬಲವಂತದ ಅಂಶವಿತ್ತೆಂದು ಒಪ್ಪಿಕೊಂಡು ಆ ತೀರ್ಪಿನ ಲಾಭವನ್ನೇ ಬಿಟ್ಟುಕೊಟ್ಟರು! ಗೆದ್ದ ದಾವೆಯನ್ನು ತಾವಾಗಿ ಬಿಟ್ಟವರ ಇನ್ನೊಂದು ಉದಾಹರಣೆ ನನಗೆ ತಿಳಿಯದು. ಮರುವರ್ಷ ಧರ್ಮೇಂದ್ರಸಿಂಹಜಿಯವರು ತೀರಿಕೊಂಡರು. ಪಟ್ಟ ತಮ್ಮನಿಗೆ ಬಂದಿತು.

ಈ ಇತಿಹಾಸವನ್ನು ನಾನು ಪುಸ್ತಕಗಳಿಂದ ತಿಳಿದೆ. ಕಾಕಾ ಹೇಳುತ್ತಿದ್ದುದು ಬೇರೆ. ಅವರ ಮನೆಯಲ್ಲಿ ಬೆಂಕಿಪೊಟ್ಟಣವನ್ನು ತಾಯಿ ಸೀರೆಗಳ ನಡುವೆ ಬಚ್ಚಿಡುತ್ತಿದ್ದರಂತೆ. ಬೆಳಿಗ್ಗೆ ಒಲೆ ಹಚ್ಚಲು ಪಕ್ಕದ ಮನೆಯಿಂದ ಕೆಂಡ ತರುವುದು ಹುಡುಗನಾದ ಇವರ ಕೆಲಸ. ಒಂದು ಸಂಜೆ ಹಾಗೆ ಯಾವುದೋ ಕೆಲಸಕ್ಕೆ ಹೋಗಿ ಬರುವಾಗ ರಸ್ತೆಯ ತಿರುವಿನಲ್ಲಿ ಅರಸರ ಕಾರು ಎದುರಾಯಿತು. ಕಾರು ಇನ್ನೂ ತಿರುಗುವ ಮೊದಲೇ ಅದರ ದೀಪ ತಿರುಗಿ ಹುಡುಗನನ್ನು ನೋಡಿತು. ಇವರು ಮನೆಗೆ ಓಡಿಬಂದು, "ಕಾರಿಗೆ ಕಣ್ಣಿದೆ, ಅದು ನನ್ನನ್ನು ತಿರುಗಿ ನೋಡಿತು" ಎಂದರು. ಗಿರಣಿಯಲ್ಲಿ ಮುಷ್ಕರ ಹೂಡಿ, ಮನೆಯಲ್ಲಿ ಕಡ್ಡಿಯ ಲೆಕ್ಕ ಇಡುತ್ತಿದ್ದ ತಂದೆಗೆ ಅರಸರ ಕಾರಿನ ವರ್ಣನೆ ಹಿಡಿಸೀತೆ? ಕೆನ್ನೆಗೆ ಒಂದು ಬಿತ್ತು. ಏಟು ಬಿದ್ದದ್ದು ಕಾರನ್ನು ಹೊಗಳಿದ್ದಕ್ಕೋ ಸುಳ್ಳು ಹೇಳಿದ್ದಕ್ಕೋ ಎಂಬುದು ತಮಗೆ ಇಂದಿಗೂ ತಿಳಿದಿಲ್ಲವೆಂದು ಕಾಕಾ ನಗುತ್ತಿದ್ದರು. ಮುಂದೆ ಹೆಂಡತಿ ಮಕ್ಕಳಿಗೆ ಹೇಳಿದಾಗ ಅವರೂ ನಂಬಲಿಲ್ಲ. ಏಳು ವರ್ಷದ ಹುಡುಗ ಕತ್ತಲಲ್ಲಿ ಹೆದರಿ ಏನೋ ಕಂಡಿರಬೇಕೆಂದರು.

ಕಾರು ಊರಿನಲ್ಲಿದ್ದರೆ ಹೋಗಿ ತೋರಿಸಬಹುದಿತ್ತು. ಅದು 1960ರ ದಶಕದಲ್ಲಿ ದೇಶವನ್ನೇ ಬಿಟ್ಟಿತ್ತು. ಸಂಸ್ಥಾನಗಳು ವಿಲೀನವಾದ ಮೇಲೆ ಅರಮನೆಗಳಲ್ಲಿ ಕಾರು ಸಾಕುವುದು ಆನೆ ಸಾಕಿದಂತಾಯಿತು. ಲೀಟರು ಪೆಟ್ರೋಲಿಗೆ ನಾಲ್ಕು ಕಿಲೋಮೀಟರ್ ಓಡಿದರೆ ಹೆಚ್ಚು. ಬಿಡಿಭಾಗ ಬೇಕಾದರೆ ವಿದೇಶೀ ವಿನಿಮಯ. ಎಷ್ಟೋ ಅಪೂರ್ವ ಕಾರುಗಳು ಹಳೆಯ ಕಬ್ಬಿಣದ ದರಕ್ಕೆ ದಲ್ಲಾಳಿಗಳ ಕೈಸೇರಿ ಹಡಗು ಹತ್ತಿದವು. ಇಂಗ್ಲೆಂಡಿನಲ್ಲಿಯೂ ಕಟ್ಟುವ ಕಸುಬೇ ಮುಗಿಯುತ್ತ ಬಂದಿತ್ತು. ಚಾಸಿ ಬೇರೆ ಒಡಲು ಬೇರೆ ಎಂಬ ಕ್ರಮ ಹೋಗಿ, ಮೊಟ್ಟೆಯ ಚಿಪ್ಪಿನಂತೆ ಒಡಲೇ ಭಾರ ಹೊರುವ ಕಾರುಗಳು ಬಂದವು. 1965ರಲ್ಲಿ ರೋಲ್ಸ್ ರಾಯ್ಸ್ ಕೂಡ ಅದೇ ಹಾದಿ ಹಿಡಿಯಿತು. ಥ್ರಪ್ ಅಂಡ್ ಮೇಬರ್ಲಿಯವರು 1967ರಲ್ಲಿ ಬಾಗಿಲು ಮುಚ್ಚಿದರು. ದಾವಣಗೆರೆಯ ಶೆಡ್ಡನ್ನು ಮಾವ ಮುಚ್ಚಿದ್ದು ಇದಕ್ಕಿಂತ ಬಹಳ ತಡವಾಗಿ, ಆದರೆ ಕಾರಣ ಬೇರೆಯೇನಲ್ಲ.

2010ರಲ್ಲಿ ರಾಜಕೋಟ್ ರಾಜಮನೆತನದ ಮಾಂಧಾತಾಸಿಂಹ ಜಡೇಜಾ ಅವರು ಯುರೋಪಿನಲ್ಲಿ ನಡೆದ ಹರಾಜಿನಲ್ಲಿ ಈ ಕಾರನ್ನು ಕೊಂಡು ಮನೆತನಕ್ಕೆ ಮರಳಿಸಿದರು. ಅವರ ತಂದೆ ಮನೋಹರಸಿಂಹಜಿಯವರು ಜನರ ಮತದಿಂದ ಗೆದ್ದು ಗುಜರಾತಿನ ಅರ್ಥಸಚಿವರಾಗಿದ್ದವರು ಎಂಬುದನ್ನೂ ಇಲ್ಲಿ ಹೇಳಬೇಕು. ಹಣಕಾಸಿನ ದೃಷ್ಟಿಯಿಂದ ನನಗೆ ಒಂದು ಕುತೂಹಲ ಹುಟ್ಟಿತು. ಆದಾಯ ತೆರಿಗೆಯವರ ಕ್ರಮದಂತೆ ಕಾರಿನ ಬೆಲೆಯಲ್ಲಿ ವರ್ಷಕ್ಕೆ ನೂರಕ್ಕೆ 15ರಂತೆ ಸವಕಳಿ ಕಳೆಯುತ್ತ ಹೋದರೆ, 1934ರ ಆ 24,000 ರೂಪಾಯಿ 76 ವರ್ಷಗಳ ಅನಂತರ ಎಷ್ಟಾಗಬಹುದು? ಕ್ಯಾಲ್ಕುಲೇಟರ್ ಕೊಟ್ಟ ಉತ್ತರ: ಹತ್ತು ಪೈಸೆ. ಆ ಹತ್ತು ಪೈಸೆಯ ವಸ್ತುವಿಗೆ ಯುರೋಪಿನ ಶ್ರೀಮಂತರೊಂದಿಗೆ ಪೈಪೋಟಿ ನಡೆಸಬೇಕಾಯಿತು. ಬಿ.ಕಾಂ. ತರಗತಿಯಲ್ಲಿ ನಮಗೆ ಸವಕಳಿಯನ್ನು ಕಲಿಸಿದವರು ಇಂಥ ಆಸ್ತಿಯ ವಿಚಾರ ಹೇಳಿರಲಿಲ್ಲ.

ನಮ್ಮಲ್ಲಿ ಹಳೆಯ ಕಾರುಗಳನ್ನೆಲ್ಲ 'ವಿಂಟೇಜ್' ಎನ್ನುವುದು ರೂಢಿ. ಇಂಗ್ಲೆಂಡಿನ ಹವ್ಯಾಸಿಗಳ ಪ್ರಕಾರ 1930ರೊಳಗೆ ತಯಾರಾದುದಕ್ಕೆ ಮಾತ್ರ ಆ ಹೆಸರು. ಆ ಲೆಕ್ಕದಲ್ಲಿ ನಮ್ಮ ಕಾರು ನಾಲ್ಕು ವರ್ಷ ಚಿಕ್ಕದು. ಭಾರತ ಸರಕಾರ 2021ರಲ್ಲಿ ನಿಯಮ ಮಾಡಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು ವಿಂಟೇಜ್ ಎಂದು ಕರೆದು, 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರಿನ ವ್ಯವಸ್ಥೆ ಮಾಡಿತು.

ರಾಜಕೋಟ್‌ನಲ್ಲಿ ನನ್ನ ಕೊನೆಯ ವರ್ಷ. ಹಳೆಯ ಕಾರುಗಳನ್ನು ಒಂದು ಬೆಳಿಗ್ಗೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸುತ್ತಾರೆಂದು ಕಾಕಾ ನನಗೆ ಫೋನು ಮಾಡಿದರು. ನನ್ನ ಸ್ಕೂಟರಿನ ಹಿಂದೆ ಕುಳಿತು ಬಂದರು. ಕೇಸರಿ ಬಣ್ಣದ ಆ ಕಾರಿನ ಸುತ್ತ ಯುವಕರು ಫೋಟೋ ತೆಗೆದುಕೊಳ್ಳುತ್ತಿದ್ದರು. ಬಾನೆಟ್ಟಿನ ಮೇಲೆ ಆಕಾಶವೂ ಮೋಡವೂ ಕಾಣುತ್ತಿದ್ದವು. ನಾನು ಬಗ್ಗಿ ಮಡ್‌ಗಾರ್ಡಿನ ಬಾಗನ್ನು ನೋಡಿದೆ. ಒಂದೇ ಒಂದು ಸುತ್ತಿಗೆಯ ಗುರುತಿಲ್ಲ. ಮಾವ ಇದ್ದಿದ್ದರೆ ಬೆರಳಿನಿಂದ ಸವರದೆ ಬಿಡುತ್ತಿರಲಿಲ್ಲ. ಕಾಕಾ ದೀಪಗಳನ್ನು ಎಣಿಸಿದರು, ಹನ್ನೆರಡಾಯಿತು. ನನ್ನ ಎಣಿಕೆಗೆ ಹನ್ನೊಂದು. ಕಾರು ನೋಡಿಕೊಳ್ಳುತ್ತಿದ್ದ ಮನುಷ್ಯ ನಕ್ಕು, ಉಳಿದುದನ್ನು ತೋರಿಸಿದ.

ಆಮೇಲೆ ಕಾಕಾ ಆತನೊಂದಿಗೆ ಗುಜರಾತಿಯಲ್ಲಿ ಏನನ್ನೋ ಮೆಲ್ಲನೆ ಕೇಳಿಕೊಂಡರು. ಆತ ಒಂದು ಗಳಿಗೆ ಯೋಚಿಸಿ, ಬಾಗಿಲು ತೆರೆದು ಒಳಗೆ ಕುಳಿತು, ದೊಡ್ಡ ಸ್ಟಿಯರಿಂಗನ್ನು ಪ್ರಯಾಸದಿಂದ ಎಡಕ್ಕೆ ತಿರುಗಿಸಿದ. ಮುಂದಿನ ದೀಪಗಳು ಕತ್ತು ಹೊರಳಿಸಿ ನಾವು ನಿಂತಿದ್ದ ಕಡೆಗೆ ನೋಡಿದವು.

ಕಾಕಾ ಬಹಳ ಹೊತ್ತು ಮಾತನಾಡಲಿಲ್ಲ. ಚಹದ ಅಂಗಡಿಗೆ ಬಂದ ಮೇಲೆ ಜೇಬಿನಿಂದ ಫೋನು ತೆಗೆದು, ಮನೆಯ ನಂಬರು ಒತ್ತಿ ನನ್ನ ಕೈಗೆ ಕೊಟ್ಟರು. "ಸಾಹೇಬ್, ನಾನು ಹೇಳಿದರೆ ಅವಳು ನಂಬುವುದಿಲ್ಲ. ನೀವು ಬ್ಯಾಂಕಿನವರು, ನೀವೇ ಹೇಳಿ" ಎಂದರು.